ಸೇತುವೆ ಮಧ್ಯದಲ್ಲಿ ನೀರಿಗೆ ಬೀಳುತ್ತೇನೆ: ಸೆಕೆಂಡ್ ಲೈಫ್‌ನಲ್ಲಿ ಎಲ್ಲರೂ ಬಳಸುವ ಕಾಲುವೆ ಮೇಲೆ ಸೇತುವೆ ಹಾಕುವುದು ಹೇಗೆ?

ದಡದಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಲೈಫ್ ಅನ್ನುವ ಆನ್‌ಲೈನ್ ಲೋಕದಲ್ಲಿ ಮೂರು ವಾರದಿಂದ ಒಂದು ಸೇತುವೆ ಜೊತೆ ಗುದ್ದಾಡುತ್ತಿದ್ದೇನೆ. ದಯವಿಟ್ಟು ಯಾರಾದರೂ ಕೈ ಹಿಡಿಯಿರಿ.

ಮೇನ್‌ಲ್ಯಾಂಡ್‌ನಲ್ಲಿ ನನ್ನದು 512 ಚದರ ಮೀಟರ್ ಜಾಗ. ಪೂರ್ವಕ್ಕೆ ಕಾಲುವೆ. ಅದು ಈ ಲೋಕವನ್ನು ನಡೆಸುವ ಕಂಪನಿ ಲಿಂಡನ್ ಲ್ಯಾಬ್‌ನ ಸಂರಕ್ಷಿತ ಜಾಗ, ಯಾರ ದೋಣಿ ಬೇಕಾದರೂ ಓಡಾಡಬಹುದು. ಆಚೆ ದಡದಲ್ಲಿ ಒಬ್ಬ ಗೆಳತಿಯ ಜಾಗ ಇದೆ. ಇಬ್ಬರೂ ನಡೆದುಕೊಂಡೇ ಹೋಗಿಬರಬೇಕು ಅನ್ನೋದು ಆಸೆ. ಕಾಲುವೆ 30 ಮೀಟರ್ ಅಗಲ. ನಾನು ಕೊಂಡಿದ್ದು 36 ಮೀಟರ್ ಉದ್ದದ ಕಲ್ಲಿನ ಕಮಾನು ಸೇತುವೆ, ಒಂದೇ ಮೆಶ್ (ಒಂದೇ ತುಂಡಾಗಿರುವ 3ಡಿ ಮಾದರಿ).

ತೊಂದರೆ ಮೂರು. ಮೊದಲ ಸಲ ಇಟ್ಟಾಗ ಸೇತುವೆ ಚೆನ್ನಾಗಿಯೇ ಕೂತಿತು. ಕೆಲವು ನಿಮಿಷ ಬಿಟ್ಟು ನೋಡಿದರೆ ಇಲ್ಲ! ಲಾಸ್ಟ್ ಆ್ಯಂಡ್ ಫೌಂಡ್ ಫೋಲ್ಡರ್‌ನಲ್ಲಿ ಸಿಕ್ಕಿತು. ಆಮೇಲೆ ಯಾರೋ ಹೇಳಿದ ಹಾಗೆ ನನ್ನ ದಡದ ಮೇಲೆ ಒಂದು ಚಿಕ್ಕ ಪೆಟ್ಟಿಗೆ ಇಟ್ಟು, ಅದನ್ನು ರೂಟ್ (ಜೋಡಿಸಿದ ತುಂಡುಗಳಲ್ಲಿ ಮುಖ್ಯವಾದದ್ದು) ಮಾಡಿ ಸೇತುವೆಗೆ ಲಿಂಕ್ ಮಾಡಿದೆ. ಈಗ ವಾಪಸ್ ಬರುತ್ತಿಲ್ಲ. ಆದರೆ ನಡೆದು ಹೋದರೆ ಮುಕ್ಕಾಲು ದಾರಿಗಿಂತ ಸ್ವಲ್ಪ ಮುಂಚೆ ಕಾಲಡಿಯ ಕಲ್ಲು ಇಲ್ಲದಂತಾಗಿ ತೊಪ್ಪನೆ ನೀರಿಗೆ ಬೀಳುತ್ತೇನೆ. ಕಣ್ಣಿಗೆ ಸೇತುವೆ ಪೂರ್ತಿ ಕಾಣುತ್ತದೆ. ಪ್ರತಿ ಸಲವೂ ಅದೇ ಜಾಗ.

ಮೂರನೆಯದು ದೋಣಿಯವರ ದೂರು. ಕಮಾನಿನ ಕೆಳಗೆ ಬಂದರೆ ಗೋಡೆಗೆ ಹೊಡೆದ ಹಾಗೆ ನಿಂತುಬಿಡುತ್ತದಂತೆ. ಆಚೆ ದಡಕ್ಕೆ ಒತ್ತಿಕೊಂಡು ಹೋದರೆ ಮಾತ್ರ ಸಲೀಸಾಗಿ ದಾಟುತ್ತದೆ ಅಂತ ಒಬ್ಬರು ಹೇಳಿದರು. ಇದಂತೂ ನನಗೆ ಅರ್ಥವೇ ಆಗಿಲ್ಲ.

ಮರದಹಲಗೆ

ನೀವು ಕೊನೆಗೆ ಬರೆದ ಆ ಒಂದು ಸಾಲಿನಲ್ಲೇ ಉತ್ತರ ಇದೆ. ಬೀಳುವ ಜಾಗದಲ್ಲಿ ನಿಮ್ಮ ಎಕ್ಸ್ ಅಳತೆ (ಪಶ್ಚಿಮದಿಂದ ಪೂರ್ವಕ್ಕೆ ಎಷ್ಟು ಮೀಟರ್) ಎಷ್ಟು ತೋರಿಸುತ್ತದೆ ಅಂತ ನೋಡಿ ಹೇಳ್ತೀರಾ? ಸೇತುವೆಯ ಎರಡು ತುದಿಯ ಅಳತೆಯೂ ಬೇಕು.

ದಡದಮನೆ

ನನ್ನ ತುದಿ ಎಕ್ಸ್ 233. ನೀರು ಶುರುವಾಗುವುದು 236ಕ್ಕೆ. ಬೀಳುವ ಹೊತ್ತಿಗೆ 255 ಚಿಲ್ಲರೆ ಇರುತ್ತದೆ, ಬಿದ್ದ ಮೇಲೆ ನೋಡಿದರೆ 0 ಹತ್ತಿರ. ಗೆಳತಿಯ ದಡ ಶುರುವಾಗುವುದು ಅವರ ಕಡೆಯ ಲೆಕ್ಕದಲ್ಲಿ 10ಕ್ಕೆ.

ಮರದಹಲಗೆ

ಅಂದುಕೊಂಡ ಹಾಗೇ ಆಯಿತು. ಈ ಲೋಕ ರೀಜನ್ ಅನ್ನುವ ಚೌಕಗಳಾಗಿ ಹಂಚಿದೆ. ಒಂದು ರೀಜನ್ ಅಂದರೆ 256 ಮೀಟರ್ ಉದ್ದ, 256 ಮೀಟರ್ ಅಗಲ, ಅದು ಮುಗಿದರೆ ಅಳತೆ ಮತ್ತೆ 0ಯಿಂದ ಶುರು. ನಿಮ್ಮ ಕಾಲುವೆಯ ನಡುವೆಯೇ ರೀಜನ್ ಗಡಿ ಹಾದುಹೋಗಿದೆ. ವಸ್ತುವಿನ ರೂಟ್ ಯಾವ ರೀಜನ್‌ನಲ್ಲಿ ಇದೆಯೋ ಅಲ್ಲಿ ಮಾತ್ರ ಅದು ಗಟ್ಟಿ. ಗಡಿ ದಾಟಿ ಚಾಚಿದ ಭಾಗ ಕಣ್ಣಿಗೆ ಕಾಣುತ್ತದೆ, ಕಾಲಿಗೆ ಸಿಗುವುದಿಲ್ಲ. ಪಕ್ಕದ ರೀಜನ್‌ನ ಲೆಕ್ಕದಲ್ಲಿ ಅಲ್ಲಿ ಇರುವುದು ಬರೀ ಗಾಳಿ. ಅದಕ್ಕೇ 23 ಮೀಟರ್ ನಡೆದು ನೀರಿಗೆ ಬೀಳುತ್ತೀರಿ. ಅದಕ್ಕೇ ದೋಣಿಗಳು ಆ ಕಡೆಯಿಂದ ಸಲೀಸಾಗಿ ದಾಟುತ್ತವೆ.

ಮೊದಲ ಸಲ ಸೇತುವೆ ವಾಪಸ್ ಬಂದಿದ್ದಕ್ಕೂ ಕಾರಣ ಹೇಳಿಬಿಡುತ್ತೇನೆ. ಒಂದೇ ಮೆಶ್ ಆದರೆ ಅದರ ನಡುಮಧ್ಯವೇ ಅದರ ಜಾಗ. ನಿಮ್ಮ ಸೇತುವೆಯ ನಡು ಎಕ್ಸ್ 251, ಅಂದರೆ ನಟ್ಟನಡು ನೀರು. ದೋಣಿ ಓಡಾಡಬೇಕಲ್ವಾ, ಹಾಗಾಗಿ ಅಲ್ಲಿ ವಸ್ತುಗಳು ಒಳಗೆ ಬರಲು ತಡೆ ಇಲ್ಲ. ಆದರೆ ಆಟೋ ರಿಟರ್ನ್ ಇದೆ. ಸಮಯ ಮುಗಿದ ತಕ್ಷಣ ವಾಪಸ್. ಈಗ ರೂಟ್ ನಿಮ್ಮ ಜಾಗದಲ್ಲಿದೆ, ಅದಕ್ಕೆ ನಿಂತಿದೆ. ಲ್ಯಾಂಡ್ ಇಂಪ್ಯಾಕ್ಟ್ (ಜಾಗದಲ್ಲಿ ಇಡಬಹುದಾದ ವಸ್ತುಗಳ ಮಿತಿಯಲ್ಲಿ ಸೇತುವೆ ಬಳಸುವ ಪಾಲು) ಕೂಡ ನಿಮ್ಮ ಲೆಕ್ಕಕ್ಕೇ ಬೀಳುತ್ತದೆ. 512ಕ್ಕೆ ಸಿಗುವುದು 175, ಅದನ್ನೂ ಒಮ್ಮೆ ನೋಡಿಕೊಳ್ಳಿ.

ಇನ್ನು ಕಮಾನಿನ ಕೆಳಗಿನ ಗೋಡೆ. ಡೆವಲಪರ್ ಮೆನು ತೆರೆದು ರೆಂಡರ್ ಮೆಟಾಡೇಟಾ ಒಳಗೆ ಫಿಸಿಕ್ಸ್ ಶೇಪ್ಸ್ ಆನ್ ಮಾಡಿ, ವಸ್ತು ಎಲ್ಲೆಲ್ಲಿ ಗಟ್ಟಿ ಅಂತ ತೋರಿಸುತ್ತದೆ. ಏನು ಕಾಣುತ್ತದೆ ಅಂತ ಹೇಳಿ.

ದಡದಮನೆ

ಅಯ್ಯೋ, ಕಮಾನೇ ಇಲ್ಲ! ಕಾಲಿಂದ ಕಾಲಿಗೆ ಪೂರ್ತಿ ತುಂಬಿಕೊಂಡ ಒಂದು ದಿಮ್ಮಿ ಇದ್ದ ಹಾಗಿದೆ.

ಮರದಹಲಗೆ

ಅದೇ ಕಾನ್ವೆಕ್ಸ್ ಹಲ್. ಕಮಾನಿನ ಸುತ್ತ ಒಂದು ಬಟ್ಟೆಯನ್ನು ಬಿಗಿಯಾಗಿ ಸುತ್ತಿದರೆ ಕೆಳಗಿನ ತೆರಪು ಮುಚ್ಚಿಹೋಗುತ್ತದಲ್ಲ, ಹಾಗೆ. ಎಡಿಟ್ ವಿಂಡೋದ ಫೀಚರ್ಸ್ ಟ್ಯಾಬ್‌ನಲ್ಲಿ ಫಿಸಿಕ್ಸ್ ಶೇಪ್ ಟೈಪ್ ಅಂತ ಇರುತ್ತದೆ. ಅದನ್ನು ಪ್ರಿಮ್ ಅಂತ ಬದಲಿಸಿ ನೋಡಬಹುದು. ಆದರೆ ಮಾಡಿದವರು ಅಪ್‌ಲೋಡ್ ಮಾಡುವಾಗ ಬೇರೆ ಫಿಸಿಕ್ಸ್ ಮಾದರಿ ಕೊಟ್ಟಿಲ್ಲದಿದ್ದರೆ ಆಗಲೂ ಹಲ್ ಆಗಿಯೇ ಇರುತ್ತದೆ.

ನಾನು ಮಾಡುವ ರೀತಿ ಬೇರೆ. ಮೆಶ್‌ಗೆ ಅಲ್ಲೇ ನನ್ (None, ಗಟ್ಟಿತನ ಬೇಡ) ಅಂತ ಕೊಟ್ಟುಬಿಡಿ, ಅದು ಬರೀ ಚಿತ್ರ ಆಗಲಿ. ರೂಟ್‌ಗೆ ನನ್ ಕೊಡಲು ಬರುವುದಿಲ್ಲ. ನಿಮ್ಮಲ್ಲಿ ರೂಟ್ ಆ ಚಿಕ್ಕ ಪೆಟ್ಟಿಗೆ, ಹಾಗಾಗಿ ತೊಂದರೆ ಇಲ್ಲ. ನಡೆಯುವ ದಾರಿಗೆ ಮೂರು ಸಾದಾ ಪೆಟ್ಟಿಗೆ ಸಾಕು: ಒಂದು ಹತ್ತಲು, ಒಂದು ನಡುವಿಗೆ, ಒಂದು ಇಳಿಯಲು. ಪೂರ್ತಿ ಪಾರದರ್ಶಕ ಮಾಡಿ, ಕಲ್ಲಿನ ಮೇಲ್ಮೈಗಿಂತ ಒಂದು ಕೂದಲೆಳೆ ಮೇಲೆ ಕೂರಿಸಿ. ಸೇರುವ ಕಡೆ ಒಂದರೊಳಗೊಂದು ಸ್ವಲ್ಪ ಹೊಕ್ಕಿರಲಿ. ಅಲ್ಲಿ ಅಂಚು ಉಳಿದರೆ ಕಾಲು ತಡೆಯುತ್ತದೆ, ನಡಿಗೆ ಝಟಕಾ ಹೊಡೆಯುತ್ತದೆ. ಈ ಪೆಟ್ಟಿಗೆಗಳು ಕಾಣದಿದ್ದಾಗ ಕಂಟ್ರೋಲ್ ಆಲ್ಟ್ ಟಿ ಒತ್ತಿದರೆ ಕೆಂಪಗೆ ಕಾಣುತ್ತವೆ.

ಈ ಮೂರರಲ್ಲಿ ನಿಮ್ಮ ಲಿಂಕ್‌ಸೆಟ್‌ಗೆ (ಒಟ್ಟಿಗೆ ಲಿಂಕ್ ಮಾಡಿದ ತುಂಡುಗಳಿಗೆ) ಸೇರುವುದು 256ರವರೆಗಿನ ದಾರಿ ಮಾತ್ರ. ಗಡಿ ಆಚೆಯ ದಾರಿ ಬೇರೆಯೇ ವಸ್ತು ಆಗಬೇಕು, ಅದರ ರೂಟ್ ಗೆಳತಿಯ ದಡದ ಮೇಲೆ ಇರಬೇಕು. ಅವರೇ ಇಟ್ಟರೆ ಸುಲಭ. ನೀವೇ ಇಡುವುದಾದರೆ ಅವರ ಜಾಗ ಯಾವ ಗುಂಪಿಗೆ ಸೆಟ್ ಆಗಿದೆಯೋ ಆ ಗುಂಪಿಗೆ ವಸ್ತುವನ್ನೂ ಸೆಟ್ ಮಾಡಿ. ಇಲ್ಲದಿದ್ದರೆ ಅವರ ಆಟೋ ರಿಟರ್ನ್ ಅದನ್ನೂ ವಾಪಸ್ ಕಳಿಸುತ್ತದೆ.

ಗಡಿಯಲ್ಲಿ ಎರಡೂ ಕಡೆಯ ಪಾರದರ್ಶಕ ದಾರಿಯನ್ನು ಅರ್ಧ ಅರ್ಧ ಮೀಟರ್ ಮುಂದೆ ಚಾಚಿ. ಆಚೆ ಚಾಚಿದ್ದು ಹೇಗೂ ಗಟ್ಟಿ ಇರುವುದಿಲ್ಲ, ಹಾಗಾಗಿ ಯಾರಿಗೂ ಅಡ್ಡಿ ಇಲ್ಲ. ಕಣ್ಣಿಗೆ ಕಾಣುವ ಹಲಗೆಗಳನ್ನು ಮಾತ್ರ ಹೀಗೆ ಒಂದರ ಮೇಲೊಂದು ತರಬೇಡಿ, ಒಂದೇ ಮಟ್ಟದಲ್ಲಿದ್ದರೆ ಮಿಣಿಮಿಣಿ ಮಿನುಗುತ್ತವೆ.

ನೀಲಿಹಾಯಿ

ನಾನು ಹಾಯಿದೋಣಿ ನಡೆಸುವವಳು. ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಸೇತುವೆಯ ಕೆಳಭಾಗ ಎಷ್ಟು ಎತ್ತರದಲ್ಲಿದೆ?

ದಡದಮನೆ

ನೀರಿನ ಮಟ್ಟ 20. ಕಮಾನಿನ ತುದಿ 24 ಹತ್ತಿರ.

ನೀಲಿಹಾಯಿ

ಅಂದರೆ ನಾಲ್ಕು ಮೀಟರ್ ತೆರಪು. ಹುಟ್ಟು ಹಾಕುವ ದೋಣಿ, ಸಣ್ಣ ಮೋಟಾರ್ ದೋಣಿ ಹೋಗುತ್ತವೆ. ಹಾಯಿದೋಣಿಯ ಕಂಬ ಹತ್ತು ಮೀಟರ್ ದಾಟುವುದು ಮಾಮೂಲಿ. ಗೋಡೆಯ ತೊಂದರೆ ಸರಿಯಾದರೂ ನಮ್ಮಂಥವರಿಗೆ ಆ ಕಾಲುವೆ ಮುಚ್ಚಿದ ಹಾಗೇ.

ಇನ್ನೊಂದು ಮಾತು. ರೂಟ್ ನಿಮ್ಮ ಜಾಗದಲ್ಲಿದೆ ಅಂದ ಮಾತ್ರಕ್ಕೆ ನೀರಿನ ಮೇಲೆ ಚಾಚಲು ಹಕ್ಕು ಬಂದ ಹಾಗಲ್ಲ. ತಮ್ಮ ಜಾಗದೊಳಗೆ ಚಾಚಿದ ವಸ್ತುವನ್ನು ಆ ಜಾಗದವರು ವಾಪಸ್ ಕಳಿಸಬಹುದು. ಸಂರಕ್ಷಿತ ನೀರಿಗೂ ಅಷ್ಟೇ. ಕಟ್ಟುವ ಮೊದಲು ಒಂದು ಸಪೋರ್ಟ್ ಟಿಕೆಟ್ ಹಾಕಿ, ಎಲ್ಲಿ, ಎಷ್ಟು ಎತ್ತರ, ದೋಣಿಗೆ ದಾರಿ ಹೇಗೆ ಬಿಡುತ್ತೀರಿ ಅಂತ ಬರೆದು ಕೇಳಿ. ಮೇನ್‌ಲ್ಯಾಂಡ್‌ನ ರಸ್ತೆ, ಸೇತುವೆ, ಬಂದರುಗಳನ್ನು 2008ರಿಂದ ಮೋಲ್‌ಗಳು (ಲಿಂಡನ್ ಲ್ಯಾಬ್ ಪರವಾಗಿ ಕಟ್ಟುವ ಇಲ್ಲಿನ ನಿವಾಸಿಗಳು) ಕಟ್ಟುತ್ತಾ ಬಂದಿದ್ದಾರೆ. ಎಷ್ಟೋ ಜನರ ದಾರಿ ಆ ನೀರಿನ ಮೇಲೆ ನಿಂತಿದೆ. ಅಲ್ಲಿ ಸುಮ್ನೆ ಇಟ್ಟು ನೋಡೋಣ ಅನ್ನುವುದು ನನಗಂತೂ ಸರಿ ಕಾಣುವುದಿಲ್ಲ.

ದಡದಮನೆ

ನೀವು ಹೇಳಿದ್ದು ಮನಸ್ಸಿಗೆ ತಾಕಿತು. ಎತ್ತರದ ವಿಷಯ ನಾನು ಯೋಚಿಸಿಯೇ ಇರಲಿಲ್ಲ. ಸೇತುವೆ ತೆಗೆದಿದ್ದೇನೆ, ಟಿಕೆಟ್ ಹಾಕಿದ್ದೇನೆ. ತೆರೆದು ಮುಚ್ಚುವ ಸೇತುವೆ ಮಾಡಿದರೆ ಹೇಗೆ? ಕಷ್ಟವಾ?

ಮರದಹಲಗೆ

ನಿಮ್ಮ ಜಾಗಕ್ಕೆ ಅದೇ ಒಳ್ಳೆಯದು. ಕಷ್ಟವೂ ಇಲ್ಲ. ಕಲ್ಲಿನ ಮೆಶ್ ಬಿಟ್ಟುಬಿಡಿ, ಮರದ ಹಲಗೆಯ ಚಪ್ಪಟೆ ಸೇತುವೆ ಕಟ್ಟಿ, ಎರಡು ಅರ್ಧ. ರೂಟ್ ತಿರುಗಿಸಿದರೆ ಇಡೀ ಲಿಂಕ್‌ಸೆಟ್ ರೂಟ್‌ನ ನಡುವಿನ ಸುತ್ತ ತಿರುಗುತ್ತದೆ. ನಿಮ್ಮ ರೂಟ್ ಹೇಗೂ ದಡದಲ್ಲೇ ಇದೆ, ಅದೇ ನಿಮ್ಮ ಬಾಗಿಲ ತಿರುಗಣಿ. ಲಿಂಕ್ ಮಾಡುವಾಗ ಕೊನೆಗೆ ಆರಿಸಿದ್ದೇ ರೂಟ್ ಆಗುತ್ತದೆ, ಹಳದಿ ಅಂಚು ಅದಕ್ಕೆ ಬಂದಿದೆಯಾ ನೋಡಿಕೊಳ್ಳಿ.

ರೂಟ್ 234ರಲ್ಲಿ ಇದ್ದರೆ ನಿಮ್ಮ ಅರ್ಧ ಸುಮಾರು 22 ಮೀಟರ್ ಚಾಚುತ್ತದೆ. ತೆರೆದಾಗ ಅಷ್ಟುದ್ದ ದಡದ ಪಕ್ಕ ಮಲಗಬೇಕು. ಜಾಗ 16ಕ್ಕೆ 32 ಆಗಿದ್ದು, ಉದ್ದದ ಬದಿ ನೀರಿಗಿದ್ದರೆ ಸೇತುವೆಯನ್ನು ಒಂದು ಮೂಲೆಗೆ ತನ್ನಿ. ನಡುವಿಗೆ ಇಟ್ಟರೆ ತೆರೆದಾಗ ಪಕ್ಕದವರ ಮನೆಯೊಳಗೆ ಹೋಗುತ್ತದೆ.

ಸ್ಕ್ರಿಪ್ಟ್‌ನಲ್ಲಿ ಎಲ್‌ಎಲ್‌ಸೆಟ್‌ರಾಟ್ (llSetRot, ತಿರುಗಿಸುವ ಆಜ್ಞೆ) ಬಳಸಿ. ಒಂದೇ ಏಟಿಗೆ 90 ಡಿಗ್ರಿ ತಿರುಗಿಸಿದರೆ ಪಕ್ಕದಲ್ಲಿರುವ ದೋಣಿಗೆ ಪೆಟ್ಟು ಬೀಳುತ್ತದೆ. 3 ಡಿಗ್ರಿಯಂತೆ 30 ಹೆಜ್ಜೆ ಮಾಡಿ. ಪ್ರತಿ ಕರೆಗೆ 0.2 ಸೆಕೆಂಡ್ ತಾನೇ ನಿಲ್ಲುತ್ತದೆ, ಹಾಗಾಗಿ ಒಟ್ಟು 6 ಸೆಕೆಂಡ್. ನೋಡಲೂ ಚೆನ್ನಾಗಿರುತ್ತದೆ. ಸೇತುವೆ ಮೇಲೆ ನಿಂತವರು ಅದರ ಜೊತೆ ತಿರುಗುವುದಿಲ್ಲ, ಕೆಳಗೆ ಬೀಳುತ್ತಾರೆ. ತೆರೆಯುವ ಮೊದಲು ಗಂಟೆ ಬಾರಿಸಿ ಹತ್ತು ಸೆಕೆಂಡ್ ಕಾಯಿರಿ.

ನೀಲಿಹಾಯಿ

ಗಂಟೆ ಖಂಡಿತ ಬೇಕು. ಟಚ್ ಮಾಡಲು ನೀರಿನ ಕಡೆ ದೊಡ್ಡ ಕೆಂಪು ಫಲಕ ಇಡಿ. ಹಾಯಿ ಸರಿಮಾಡುತ್ತಾ ಚಿಕ್ಕ ಬಟನ್ ಹುಡುಕುವುದು ಆಗದ ಕೆಲಸ.

ದಡದಮನೆ

ಅನುಮತಿ ಬಂತು, ದೋಣಿಗೆ ದಾರಿ ಬಿಡಬೇಕು ಅನ್ನುವ ಮಾತಿನ ಮೇಲೆ. ಎರಡೂ ಅರ್ಧ ಕಟ್ಟಿಯಾಯಿತು. ದಡದ ಬೇಲಿ ತೆಗೆದೆ, ತೆರೆದಾಗ ಹಲಗೆ ಅಲ್ಲಿ ಬಂದು ಮಲಗುತ್ತದೆ. ನಡೆದು ದಾಟಿದೆ, ಬೀಳಲಿಲ್ಲ! ಗಡಿಯಲ್ಲಿ ಅರೆಕ್ಷಣ ನಡಿಗೆ ತಡವರಿಸುತ್ತದೆ, ಅಷ್ಟೇ.

ಒಂದು ತೊಂದರೆ ಉಳಿದಿದೆ. ಫಲಕ ಮುಟ್ಟಿದರೆ ನನ್ನ ಅರ್ಧ ಮಾತ್ರ ತೆರೆಯುತ್ತದೆ. ಗೆಳತಿಯ ಅರ್ಧಕ್ಕೆ ಸುದ್ದಿಯೇ ಹೋಗುತ್ತಿಲ್ಲ. ಎಲ್‌ಎಲ್‌ರೀಜನ್‌ಸೇ (llRegionSay, ಸಂದೇಶ ಕಳಿಸುವ ಆಜ್ಞೆ) ಹಾಕಿದ್ದೇನೆ, ಚಾನೆಲ್ (ಸಂದೇಶ ಹೋಗುವ ಸಂಖ್ಯೆ) ಎರಡು ಸಲ ನೋಡಿದೆ, ಸರಿ ಇದೆ.

ಮರದಹಲಗೆ

ಮತ್ತೆ ಅದೇ ಗಡಿ. ರೀಜನ್‌ಸೇ ತನ್ನ ರೀಜನ್ ಬಿಟ್ಟು ಹೊರಗೆ ಕೇಳಿಸುವುದಿಲ್ಲ. ಎಲ್‌ಎಲ್‌ಶೌಟ್ ಹಾಕಿ, ಅದು 100 ಮೀಟರ್‌ವರೆಗೆ ಗಡಿ ದಾಟಿಯೂ ಕೇಳಿಸುತ್ತದೆ. ಎಲ್‌ಎಲ್‌ಸೇ 20 ಮೀಟರ್ ಮಾತ್ರ, ನಿಮ್ಮ ಎರಡು ರೂಟ್‌ಗಳ ನಡುವೆ 34 ಮೀಟರ್ ಇದೆ, ಸಾಲದು. ಚಾನೆಲ್ ದೊಡ್ಡ ಋಣ ಸಂಖ್ಯೆ ಇರಲಿ, ಬೇರೆಯವರ ವಸ್ತುಗಳ ಜೊತೆ ಕಲಸಿಹೋಗಬಾರದು.

ದಡದಮನೆ

ಶೌಟ್ ಹಾಕಿದೆ. ಗಂಟೆ ಬಾರಿಸಿತು, ಎರಡೂ ಅರ್ಧ ಒಟ್ಟಿಗೆ ತೆರೆದವು. ನೀಲಿಹಾಯಿ ಅವರೇ, ಬಿಡುವಾದಾಗ ನಿಮ್ಮ ದೋಣಿ ತನ್ನಿ. ಅತಿ ಎತ್ತರದ ಕಂಬ ಇರುವುದನ್ನೇ ತನ್ನಿ, ನಾನು ಫಲಕದ ಹತ್ತಿರ ಕಾಯುತ್ತಿರುತ್ತೇನೆ.