‘ಮಾರ್ಕೋನಿಗ್ರಾಂ’ ಪದಕ್ಕೆ ಕನ್ನಡದಲ್ಲಿ ಏನನ್ನೋಣ?

ಟೈಟಾನಿಕ್ ಹಡಗಿನ ಮೇಲಿನ ಒಂದು ಬರಹವನ್ನು ಮಕ್ಕಳಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಮಾರ್ಕೋನಿಗ್ರಾಂ’ ಅನ್ನುವ ಪದ ಮೇಲಿಂದ ಮೇಲೆ ಬರುತ್ತದೆ. ಹಡಗಿನಿಂದ ವೈರ್‌ಲೆಸ್‌ನಲ್ಲಿ ಕಳಿಸುತ್ತಿದ್ದ ಸಂದೇಶಕ್ಕೆ ಆಗಿನ ಹೆಸರು ಅದು. ನಾನು ಸುಮ್ನೆ ‘ತಂತಿ’ ಎಂದು ಬರೆದು ಮುಂದೆ ಹೋದೆ. ಮೊಮ್ಮಗಳು ಓದಿ ಕೇಳಿದಳು: “ಅಜ್ಜಾ, ಸಮುದ್ರದಾಗ ಕಂಬ ಎಲ್ಲಿ ನೆಟ್ಟಿದ್ರು?”

ಅವಳ ತಪ್ಪಲ್ಲ. 2013ರ ಜುಲೈನಲ್ಲಿ ತಂತಿ (ಟೆಲಿಗ್ರಾಂ) ಸೇವೆ ನಿಂತಾಗ ಅವಳು ಹುಟ್ಟಿರಲೇ ಇಲ್ಲ. ಅವಳಿಗೆ ಗೊತ್ತಿರುವ ತಂತಿ ಎಂದರೆ ಒಂದು ಕರೆಂಟಿನದು, ಇನ್ನೊಂದು ಸಿತಾರಿನದು. ಧಾರವಾಡದ ಹುಡುಗಿ ಅಲ್ವಾ!

ತೊಡಕು ಇರುವುದು ನಮ್ಮ ಪದದಲ್ಲೇ. ‘ತಂತಿ ಹರಿಯಿತು’ ಎಂದರೆ ಲೋಹದ ಎಳೆ, ‘ತಂತಿ ಬಂತು’ ಎಂದರೆ ಸುದ್ದಿ. ನಮ್ಮ ಕಡೆ ಹಳಬರ ಬಾಯಲ್ಲಿ ಇದು ‘ತಾರು’. ‘ತಾರು ಬಂದೈತಿ’ ಅಂದರೆ ಸಾಕು, ಓದುವ ಮೊದಲೇ ಮನೆಯಲ್ಲಿ ಅಳು ಶುರು. ಮರಾಠಿಯಲ್ಲೂ ‘ತಾರ್’ ಪದಕ್ಕೆ ಇವೇ ಎರಡು ಅರ್ಥ. ಅವರು ವೈರ್‌ಲೆಸ್ ಸಂದೇಶಕ್ಕೆ ‘ಬಿನತಾರಿ ಸಂದೇಶ’ ಅಂದುಕೊಂಡು ಪಾರಾದರು. ನಾವು ಸಂದೇಶಕ್ಕೂ ‘ತಂತಿ’ ಎಂದೇ ಇಟ್ಟುಕೊಂಡು ಹಾಗೇ ಮಾಡಿದರೆ ‘ತಂತಿಯಿಲ್ಲದ ತಂತಿ’ ಆಗುತ್ತದೆ, ಥೇಟ್ ಒಗಟು. ನಿಜ ಹೇಳಬೇಕೆಂದರೆ ನನಗೆ ಅದೇ ಜಾಸ್ತಿ ಇಷ್ಟ. ‘ನಿಸ್ತಂತು ಸಂದೇಶ’ ತಪ್ಪಿಲ್ಲ, ಆದರೆ ಕೇಳಿದರೆ ಪೊಲೀಸ್ ಜೀಪು ನೆನಪಾಗುತ್ತದೆ.

ಇಂಗ್ಲಿಷಿಗೆ ಈ ಕಷ್ಟ ಬರಲಿಲ್ಲ. ‘ಟೆಲಿಗ್ರಾಂ’ ಪದದಲ್ಲಿ ತಂತಿಯೇ ಇಲ್ಲ. ಟೆಲಿ ಎಂದರೆ ದೂರ, ಗ್ರಾಂ ಎಂದರೆ ಬರೆದದ್ದು, ಎರಡೂ ಗ್ರೀಕ್ ಮೂಲದವು. ‘ಗ್ರಾಂ’ ಹಿಂದೆ ಯಾವ ಹೆಸರನ್ನಾದರೂ ಅಂಟಿಸಿದರೆ ಆಯಿತು. ಇಲ್ಲಿ ಅಂಟಿದ್ದು ವೈರ್‌ಲೆಸ್ ಯಂತ್ರ ಕಟ್ಟಿದ ಇಟಲಿಯ ಮಾರ್ಕೋನಿಯ ಹೆಸರು. 1901ರ ಡಿಸೆಂಬರ್ 12ರಂದು ಇಂಗ್ಲೆಂಡಿನ ಪೋಲ್ಡುವಿನಿಂದ ಹೊರಟ ಮೋರ್ಸ್ ಸಂಕೇತದ ‘ಎಸ್’ ಅಕ್ಷರದ ಮೂರು ಚುಕ್ಕೆಗಳನ್ನು ಮಾರ್ಕೋನಿ ಅಟ್ಲಾಂಟಿಕ್‌ನ ಆಚೆ, ನ್ಯೂಫೌಂಡ್‌ಲ್ಯಾಂಡಿನಲ್ಲಿ ಕೇಳಿದ. ಆಮೇಲೆ ಅವನ ಕಂಪನಿ ಹಡಗುಗಳಿಗೆ ಯಂತ್ರದ ಜೊತೆ ಆಪರೇಟರುಗಳನ್ನೂ ಕಳಿಸುತ್ತಿತ್ತು. ಟೈಟಾನಿಕ್‌ನ ಫಿಲಿಪ್ಸ್ ಮತ್ತು ಬ್ರೈಡ್ ಇಬ್ಬರೂ ಆ ಕಂಪನಿಯ ನೌಕರರೇ. ಪ್ರಯಾಣಿಕರು ದುಡ್ಡು ಕೊಟ್ಟು ನೆಂಟರಿಗೆ ಸಂದೇಶ ಕಳಿಸುತ್ತಿದ್ದರು. ಮುಳುಗಿದ ರಾತ್ರಿ ಫಿಲಿಪ್ಸ್ ಆ ಸಂದೇಶಗಳ ರಾಶಿಯಲ್ಲೇ ಮುಳುಗಿದ್ದ. ಹತ್ತಿರದ ಹಡಗೊಂದು ಮಂಜುಗಡ್ಡೆಯ ಸುದ್ದಿ ಹೇಳಲು ಬಂದಾಗ, ಸುಮ್ಮನಿರು ಎಂದು ಗದರಿಸಿದ.

ಹೀಗಾಗಿ ಮಾರ್ಕೋನಿಗ್ರಾಂ ಎಂದರೆ ಬರೀ ವೈರ್‌ಲೆಸ್ ಸಂದೇಶವಲ್ಲ, ಕಂಪನಿಯ ಹೆಸರು ಹೊತ್ತ ಸರಕು. ನಾವು ವನಸ್ಪತಿಗೆಲ್ಲ ಡಾಲ್ಡಾ ಅನ್ನುತ್ತಿದ್ದೆವಲ್ಲ, ಹಾಗೆ. ಇದೇ ಅರ್ಥಕ್ಕೆ ‘ರೇಡಿಯೋಗ್ರಾಂ’, ‘ಏರೋಗ್ರಾಂ’ ಪದಗಳೂ ಇದ್ದವು. ಆಮೇಲೆ ಮೊದಲನೆಯದು ರೇಡಿಯೋ, ಗ್ರಾಮಫೋನು ಕೂಡಿದ ಪೆಟ್ಟಿಗೆಯ ಹೆಸರಾಯಿತು. ಎರಡನೆಯದು ವಿಮಾನದಲ್ಲಿ ಹೋಗುವ ಮಡಚುಕಾಗದವಾಯಿತು.

ರೇಡಿಯೋಗೆ ‘ಬಾನುಲಿ’ ಇದೆಯಲ್ಲ ಎಂದು ನಾನು ‘ಬಾನೋಲೆ’ ಕಟ್ಟಿದೆ. ಖುಷಿಯಿಂದ ಗೆಳೆಯರೊಬ್ಬರಿಗೆ ಹೇಳಿದರೆ, “ಅದು ಏರ್‌ಮೇಲ್ ಕಾಗದ ಆತಲ್ರೀ” ಅಂದರು. ಏರೋಗ್ರಾಂ ಪದಕ್ಕೆ ಆದ ಗತಿಯೇ ನನ್ನ ಪದಕ್ಕೂ ಒಂದೇ ದಿನದಲ್ಲಿ ಆಯಿತು!

ಸದ್ಯಕ್ಕೆ ಮೊದಲ ಸಲ ಬಂದಲ್ಲಿ ‘ಮಾರ್ಕೋನಿ ತಾರು’ ಎಂದು ಬರೆದು, ಇದಕ್ಕೆ ಕಂಬ ಬೇಡ ಎಂದು ಒಂದು ಸಾಲು ಸೇರಿಸಿದ್ದೇನೆ. ಹುಬ್ಬಳ್ಳಿ, ಗದಗ ಕಡೆ ರೈಲ್ವೆಯಲ್ಲೋ ತಾರ್ ಆಫೀಸಿನಲ್ಲೋ ದುಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಕೇಳಿ ಹೇಳಿ. ವೈರ್‌ಲೆಸ್‌ನಲ್ಲಿ ಬಂದ ಸುದ್ದಿಗೆ ಅವರು ಬೇರೆ ಹೆಸರು ಹೇಳುತ್ತಿದ್ದರೋ, ಅದೂ ಬರೀ ತಾರೋ?