ಜಿಎಸ್‌ಟಿ ನೋಂದಣಿಯಿಲ್ಲದೆ ಆನ್‌ಲೈನ್‌ನಲ್ಲಿ ಮಾರಬಹುದೇ?

ಪ್ರಶ್ನೆ: ಮನೆಯಲ್ಲೇ ಹೊಲಿದ ಮಕ್ಕಳ ಉಡುಪುಗಳನ್ನು ಆನ್‌ಲೈನ್ ಮಾರುಕಟ್ಟೆಯೊಂದರಲ್ಲಿ ಮಾರಲು ಹೊರಟಿದ್ದೇನೆ. ವರ್ಷದ ವಹಿವಾಟು ಮೂರು ಲಕ್ಷ ರೂಪಾಯಿ ದಾಟುವುದಿಲ್ಲವಾದರೂ ತೆರಿಗೆ ವಿವರದ ಪುಟದಲ್ಲಿ ಜಿಎಸ್‌ಟಿ ಸಂಖ್ಯೆ ಕೇಳುತ್ತಿದೆ. ನೋಂದಣಿ ಕಡ್ಡಾಯವೇ? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1: ಕರ್ನಾಟಕದೊಳಗೆ ಮಾತ್ರ ಮಾರುವುದಾದರೆ ಕಡ್ಡಾಯವಲ್ಲ, ಮೇಡಂ. 2023ರ ಅಕ್ಟೋಬರ್ 1ರಿಂದ, ನೋಂದಣಿ ಮಿತಿಗಿಂತ ಕಡಿಮೆ ವಹಿವಾಟಿರುವ ಸರಕು ಮಾರಾಟಗಾರರು ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ವಿವರ ನೀಡಿ ದಾಖಲಾತಿ ಸಂಖ್ಯೆಯೊಂದನ್ನು ಪಡೆದು, ಅದನ್ನೇ ಮಾರುಕಟ್ಟೆಗೆ ಸಲ್ಲಿಸಬಹುದು. ಆದರೆ ಹುಬ್ಬಳ್ಳಿಗೆ ಕಳುಹಿಸುವ ಉಡುಪನ್ನು ಮಹಾರಾಷ್ಟ್ರದ ಸೊಲ್ಲಾಪುರಕ್ಕೆ ಕಳುಹಿಸುವಂತಿಲ್ಲ.

ಉತ್ತರ 2: ಆದಾಯ ತೆರಿಗೆಯ ಕಡೆಗೂ ಗಮನವಿರಲಿ. ವ್ಯಕ್ತಿಗತ ಮಾರಾಟಗಾರರ ವಾರ್ಷಿಕ ಮಾರಾಟ 5 ಲಕ್ಷ ರೂಪಾಯಿ ಮೀರದೆ, ಪ್ಯಾನ್ ಅಥವಾ ಆಧಾರ್ ಸಲ್ಲಿಸಿದ್ದರೆ ಟಿಡಿಎಸ್ (ಹಣ ಪಾವತಿಸುವಾಗಲೇ ಮಾರುಕಟ್ಟೆಯವರು ಹಿಡಿದುಕೊಳ್ಳುವ ಆದಾಯ ತೆರಿಗೆ) ಕಡಿತವಿಲ್ಲ, ಸಲ್ಲಿಸದಿದ್ದರೆ ಶೇ. 5ರಷ್ಟು ಹಣ ಕಡಿತವಾಗುತ್ತದೆ. ಸಣ್ಣ ವ್ಯಾಪಾರಕ್ಕೆ ಅದು ದೊಡ್ಡ ಹೊರೆಯೇ ಸರಿ.

ಉತ್ತರ 3: ಪ್ಯಾನ್ ಕಾರ್ಡ್‌ನಲ್ಲಿರುವ ಹೆಸರನ್ನೇ, ಇನಿಷಿಯಲ್ ಸಹಿತ ಹಾಗೆಯೇ ನಮೂದಿಸಿ.