ಅಮೆರಿಕದ ಅಲಾಸ್ಕಾ ಮತ್ತು ಡೆಲ್ಟಾ ವಿಮಾನ ಕಂಪನಿಗಳು ಯಾಕೆ ಬೇರೆಯಾದವು? ಕೋಡ್‌ಶೇರ್ ಲೆಕ್ಕದ ಬಗ್ಗೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ

ನಮಸ್ಕಾರ. ಹೋದ ವಾರ ಗ್ರೂಪಿನಲ್ಲಿ ಮೈಲ್ಸ್ (ಹಾರಿದ್ದಕ್ಕೆ ವಿಮಾನ ಕಂಪನಿ ಕೊಡುವ ಪಾಯಿಂಟ್ಸ್) ಬಗ್ಗೆ ಜಗಳ ನಡೆಯುವಾಗ ನಾನು ಮಧ್ಯೆ ಬಾಯಿ ಹಾಕಿದೆ. ಅದಕ್ಕೆ ಅಡ್ಮಿನ್ ಈ ವಾರ ನನ್ನನ್ನೇ ಕೂರಿಸಿದ್ದಾರೆ. ನನ್ನ ಕೆಲಸ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಕೂತು ವಿಮಾನ ಕಂಪನಿಗಳ ರೆವೆನ್ಯೂ ಅಕೌಂಟಿಂಗ್ ಮಾಡಿದ್ದೇನೆ. ಒಂದೇ ಟಿಕೆಟ್‌ನಲ್ಲಿ ಎರಡು ಮೂರು ಕಂಪನಿಯ ವಿಮಾನ ಇದ್ದರೆ ಆ ದುಡ್ಡನ್ನು ಯಾರಿಗೆ ಎಷ್ಟು ಅಂತ ಪಾಲು ಹಾಕುವ ಕೆಲಸ. ಪೈಲಟ್ ಅಲ್ಲ, ವಿಮಾನ ಯಾಕೆ ಅಲುಗಾಡುತ್ತದೆ ಅಂತ ಕೇಳಬೇಡಿ. ಅಲಾಸ್ಕಾದಲ್ಲೂ ಡೆಲ್ಟಾದಲ್ಲೂ ಕೆಲಸ ಮಾಡಿಲ್ಲ, ಹಾಗಾಗಿ ಯಾರ ಪರವೂ ಇಲ್ಲ.

ಪ್ರಶ್ನೆ: ಅಕ್ಕ, ನಾನು ಸಿಯಾಟಲ್‌ಗೆ ಬಂದದ್ದು 2019ರಲ್ಲಿ. ಮುಂಚೆ ಡೆಲ್ಟಾದಲ್ಲಿ ಹೋದರೂ ಅಲಾಸ್ಕಾ ಮೈಲ್ಸ್ ಬರುತ್ತಿತ್ತು ಅಂತ ಹಳಬರು ಹೇಳುತ್ತಾರೆ. ನಾನು ನೋಡಿದಾಗಿನಿಂದ ಇಬ್ಬರೂ ಹಾವು ಮುಂಗುಸಿ. ಆಗಿದ್ದೇನು?

ಉತ್ತರ: ಹಳಬರು ಹೇಳಿದ್ದು ನಿಜ. ಇಬ್ಬರೂ ಒಬ್ಬರ ವಿಮಾನಕ್ಕೆ ಇನ್ನೊಬ್ಬರು ಟಿಕೆಟ್ ಮಾರುತ್ತಿದ್ದರು (ಕೋಡ್‌ಶೇರ್ ಅನ್ನೋದು ಇದಕ್ಕೇ), ಮೈಲ್ಸ್ ಎರಡೂ ಕಡೆ ನಡೆಯುತ್ತಿತ್ತು.

ಕಥೆ ಶುರುವಾಗೋದು ಸಿಯಾಟಲ್‌ನಲ್ಲಿ ಅಲ್ಲ, ಟೋಕಿಯೋದಲ್ಲಿ. 2008ರಲ್ಲಿ ನಾರ್ತ್‌ವೆಸ್ಟ್ ಅನ್ನುವ ವಿಮಾನ ಕಂಪನಿ ಡೆಲ್ಟಾ ಜೊತೆ ಸೇರಿತು. ನಾರ್ತ್‌ವೆಸ್ಟ್ ಬಳಿ ಟೋಕಿಯೋದ ನರಿಟಾ ಏರ್‌ಪೋರ್ಟಿನಲ್ಲಿ ಒಂದು ಹಬ್ ಇತ್ತು. ಅಮೆರಿಕದ ಬೇರೆ ಬೇರೆ ಊರುಗಳಿಂದ ಜನರನ್ನು ನರಿಟಾಗೆ ತಂದು, ಅಲ್ಲಿಂದ ಏಷ್ಯಾದ ಉಳಿದ ಊರುಗಳಿಗೆ ಹಂಚುವ ಹಳೇ ಪದ್ಧತಿ. ಒಂದೇ ಏಟಿಗೆ ಅಷ್ಟು ದೂರ ಹಾರುವ, ಗಾತ್ರದಲ್ಲಿ ಚಿಕ್ಕದಾದ ವಿಮಾನಗಳು ಬಂದ ಮೇಲೆ ನರಿಟಾದಲ್ಲಿ ಇಳಿದು ಹತ್ತುವ ಅಗತ್ಯ ಕಡಿಮೆಯಾಯಿತು. ಡೆಲ್ಟಾಗೆ ಅಮೆರಿಕದ ಪಶ್ಚಿಮ ಕರಾವಳಿಯಲ್ಲೇ ಒಂದು ಬಾಗಿಲು ಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಯುನೈಟೆಡ್ ಕೂತಿತ್ತು. ಲಾಸ್ ಏಂಜಲೀಸ್‌ನಲ್ಲಿ ಎಲ್ಲರೂ ಕೂತಿದ್ದರು. ಸಿಯಾಟಲ್ ಏಷ್ಯಾಗೆ ಹತ್ತಿರ, ಮತ್ತು ಅಲ್ಲಿನ ಯಜಮಾನ ಅಲಾಸ್ಕಾ ಬಳಿ ಆಗ ಸಮುದ್ರ ದಾಟುವ ದೊಡ್ಡ ವಿಮಾನ ಒಂದೂ ಇರಲಿಲ್ಲ.

ಮೊದಮೊದಲು ಇದು ಒಳ್ಳೇ ಜೋಡಿಯೇ. ನಮ್ಮ ಮೆಟ್ರೋ ಮತ್ತು ಫೀಡರ್ ಬಸ್ ನೆನಪಿಸಿಕೊಳ್ಳಿ. ಸ್ಪೋಕೇನ್, ಪೋರ್ಟ್‌ಲ್ಯಾಂಡ್, ಬೊಯಿಸಿಯಂಥ ಊರುಗಳಿಂದ ಜನರನ್ನು ಅಲಾಸ್ಕಾ ಸಿಯಾಟಲ್‌ಗೆ ತಂದು ಬಿಡುವುದು, ಡೆಲ್ಟಾ ಅವರನ್ನು ಟೋಕಿಯೋಗೋ ಬೀಜಿಂಗ್‌ಗೋ ಕರೆದುಕೊಂಡು ಹೋಗುವುದು. ಆದರೆ ಡೆಲ್ಟಾ ಬೀಜಿಂಗ್, ಶಾಂಘೈ, ಹಾಂಗ್‌ಕಾಂಗ್, ಸೋಲ್, ಲಂಡನ್ ಅಂತ ಒಂದೊಂದೇ ಸೇರಿಸುತ್ತಾ ಹೋದ ಹಾಗೆ, ಇಷ್ಟೆಲ್ಲಾ ಸೀಟು ತುಂಬಿಸೋಕೆ ಇನ್ನೊಬ್ಬರ ಬಸ್ಸನ್ನು ನಂಬಿ ಕೂರಬೇಕಾ ಅನ್ನಿಸಿತು. ತನ್ನದೇ ಫೀಡರ್ ವಿಮಾನ ಓಡಿಸಲು ಶುರುಮಾಡಿತು. ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೋ, ಲಾಸ್ ವೇಗಸ್, ಎಲ್ಲಾ ಅಲಾಸ್ಕಾದ ಅನ್ನದ ರೂಟುಗಳು. 2014ರಲ್ಲಿ ಜೂನೋಗೂ ಹೋಯಿತು. ಜೂನೋ ಅಂದರೆ ಅಲಾಸ್ಕಾ ರಾಜ್ಯದ ರಾಜಧಾನಿ, ಅಲಾಸ್ಕಾ ಕಂಪನಿಯ ಹಿತ್ತಲು. ಅದೇ ವರ್ಷ ಡೆಲ್ಟಾ ಸಿಯಾಟಲನ್ನು ತನ್ನ ಹಬ್ ಅಂತ ಕರೆಯಿತು.

ಅಲಾಸ್ಕಾ ಸುಮ್ನೆ ಕೂರಲಿಲ್ಲ. ಡೆಲ್ಟಾದ ಕೋಟೆಯಾದ ಸಾಲ್ಟ್ ಲೇಕ್ ಸಿಟಿಗೆ ನುಗ್ಗಿ ಅಲ್ಲಿಂದ ಹಲವು ಊರಿಗೆ ವಿಮಾನ ಬಿಟ್ಟಿತು. ಫುಟ್‌ಬಾಲಿನಲ್ಲೂ ಪೈಪೋಟಿ. ಸಿಯಾಟಲ್‌ನ ಅಮೆರಿಕನ್ ಫುಟ್‌ಬಾಲ್ ತಂಡ ಸೀಹಾಕ್ಸ್ ಜೊತೆ ಡೆಲ್ಟಾ ಒಪ್ಪಂದ ಮಾಡಿಕೊಂಡಿದ್ದರೆ, ಅದೇ ತಂಡದ ಮುಖ್ಯ ಆಟಗಾರ (ಕ್ವಾರ್ಟರ್‌ಬ್ಯಾಕ್) ರಸೆಲ್ ವಿಲ್ಸನ್ ಅಲಾಸ್ಕಾದ ಜಾಹೀರಾತಿನಲ್ಲಿ! ನೆನೆಸಿಕೊಂಡರೆ ಇವತ್ತಿಗೂ ನಗು ಬರುತ್ತದೆ. 2016ರ ಡಿಸೆಂಬರ್‌ನಲ್ಲಿ ಅಲಾಸ್ಕಾ 260 ಕೋಟಿ ಡಾಲರ್‌ಗೆ ವರ್ಜಿನ್ ಅಮೆರಿಕಾ ಅನ್ನುವ ವಿಮಾನ ಕಂಪನಿಯನ್ನು ಕೊಂಡುಕೊಂಡಿದ್ದು ಪೂರ್ತಿಯಾಯಿತು. ಅದೇ ತಿಂಗಳು ಡೆಲ್ಟಾ ಜೊತೆಗಿನ ಪಾಲುದಾರಿಕೆ ಮುಗಿಯುವ ಸುದ್ದಿ ಬಂತು. 2017ರ ಮೇ 1ಕ್ಕೆ ಮುಗಿಯಿತು. ಆದರೆ ಅದು ಕಾಗದದ ತಾರೀಕು. ಡೆಲ್ಟಾ ತನ್ನದೇ ಫೀಡರ್ ಶುರುಮಾಡಿದ ದಿನವೇ ಈ ಸಂಸಾರ ಮುಗಿದಿತ್ತು.

ಪ್ರಶ್ನೆ: ಮೇಡಂ, ಒಂದು ಅರ್ಥ ಆಗಲಿಲ್ಲ. ಒಬ್ಬರು ಜನ ತಂದುಕೊಟ್ಟರೆ ಇನ್ನೊಬ್ಬರಿಗೆ ಲಾಭ, ತಂದವರಿಗೂ ಪಾಲು ಸಿಗುತ್ತದೆ. ಡೆಲ್ಟಾ ಸ್ವಂತ ವಿಮಾನ ಯಾಕೆ ಬಿಡಬೇಕಿತ್ತು?

ಉತ್ತರ: ಇದು ನನ್ನ ಹೊಟ್ಟೆಪಾಡಿನ ಪ್ರಶ್ನೆ, ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರಾದರೆ ಮುಂದಿನ ಪ್ರಶ್ನೆಗೆ ಹೋಗಿ.

ಸ್ಪೋಕೇನ್‌ನಿಂದ ಸಿಯಾಟಲ್ ಮೂಲಕ ಟೋಕಿಯೋಗೆ ಒಂದು ಟಿಕೆಟ್. ಲೆಕ್ಕಕ್ಕೆ ಸಾವಿರ ಡಾಲರ್ ಅಂತ ಇಟ್ಟುಕೊಳ್ಳಿ. ಸ್ಪೋಕೇನ್–ಸಿಯಾಟಲ್ ಸುಮಾರು 360 ಕಿಲೋಮೀಟರ್. ಸಿಯಾಟಲ್–ನರಿಟಾ ಸುಮಾರು 7,670. ಬರೀ ದೂರ ನೋಡಿ ಪಾಲು ಹಾಕಿದರೆ ಮೊದಲ ತುಂಡಿಗೆ ಬರೋದು 45 ಡಾಲರ್! ಅದಕ್ಕೇ ಬರೀ ದೂರ ನೋಡುವುದಿಲ್ಲ, ಸಣ್ಣ ತುಂಡಿಗೆ ಜಾಸ್ತಿ ತೂಕ ಕೊಡುವ ಸೂತ್ರ ಇದೆ. ಅದನ್ನು ಪ್ರೊರೇಟ್ ಅನ್ನುತ್ತೇವೆ. ಅದೂ ಸಾಲದು ಅಂದರೆ ಇಬ್ಬರೂ ಕೂತು ಬೇರೆ ಒಪ್ಪಂದ ಬರೆದುಕೊಳ್ಳುತ್ತಾರೆ. ಅದಕ್ಕೆ ನಮ್ಮಲ್ಲಿ ಎಸ್‌ಪಿಎ (ಸ್ಪೆಷಲ್ ಪ್ರೊರೇಟ್ ಅಗ್ರಿಮೆಂಟ್) ಅಂತ ಹೆಸರು. ಈ ರೂಟಿನಲ್ಲಿ ಈ ದರ್ಜೆಗೆ ನನಗೆ ಇಷ್ಟು ಕೊಡು ಅಂತ. ನಿಜವಾದ ಚೌಕಾಸಿ ನಡೆಯೋದು ಇಲ್ಲಿ.

ಈಗ ಅಲಾಸ್ಕಾ ಜಾಗದಲ್ಲಿ ನಿಂತು ನೋಡಿ. ಅದೇ ಸೀಟನ್ನು ಸ್ಪೋಕೇನ್‌ನಿಂದ ಸಿಯಾಟಲ್‌ಗೆ ಮಾತ್ರ ಬರುವವರಿಗೆ ಮಾರಿದರೆ 120 ಡಾಲರ್ ಸಿಗುತ್ತದೆ ಅಂತಿಟ್ಟುಕೊಳ್ಳಿ. ಸೀಟು ಖಾಲಿ ಇರುವ ದಿನ ಪಾರ್ಟ್‌ನರ್ ಕೊಡುವ 60–70 ಬೋನಸ್ಸು. ತುಂಬಿರುವ ದಿನ ಅದು ನಷ್ಟ. ಹಬ್ಬದ ಸೀಸನ್ನಿನಲ್ಲಿ ಪಾರ್ಟ್‌ನರ್‌ಗೆ ಸೀಟು ತೋರಿಸುವುದನ್ನೇ ನಿಲ್ಲಿಸುತ್ತಾರೆ. ಆಗ ಡೆಲ್ಟಾದ ದೊಡ್ಡ ವಿಮಾನ ಖಾಲಿ ಹಾರಬೇಕು. ಜುಟ್ಟು ಇನ್ನೊಬ್ಬರ ಕೈಯಲ್ಲಿ, ಅಲ್ವಾ? ಸ್ವಂತ ವಿಮಾನ ಬಿಟ್ಟರೆ ಆ ಸಣ್ಣ ತುಂಡಿನಲ್ಲಿ ನಷ್ಟ ಆದರೂ ಟೋಕಿಯೋ ಟಿಕೆಟ್ಟಿನ ಪೂರ್ತಿ ಸಾವಿರ ತನ್ನದೇ. ಎರಡು ಲೆಡ್ಜರ್ ಒಂದೇ ಜೇಬು.

ನಾನು ಡೆಲ್ಟಾದ ಪ್ಲಾನಿಂಗ್‌ನಲ್ಲಿ ಇದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಬೈಕೊಳ್ಳುವವರು ಬೈಕೊಳ್ಳಿ.

ಪ್ರಶ್ನೆ: ಇಬ್ಬರೂ ಕೂತು ಮಾತಾಡಿ ರೂಟು ಹಂಚಿಕೊಳ್ಳಬಹುದಿತ್ತಲ್ಲ? ನೀನು ಪೋರ್ಟ್‌ಲ್ಯಾಂಡ್ ಇಟ್ಟುಕೋ, ನಾನು ವೇಗಸ್ ಇಟ್ಟುಕೊಳ್ಳುತ್ತೇನೆ ಅಂತ?

ಉತ್ತರ: ಹಾಗೆ ಮಾತಾಡಿದರೆ ಕೋರ್ಟು! ಅಮೆರಿಕದೊಳಗಿನ ರೂಟುಗಳಲ್ಲಿ ಪೈಪೋಟಿದಾರರು ಕೂತು ದರ, ರೂಟು ಹಂಚಿಕೊಳ್ಳುವಂತಿಲ್ಲ. ಹೊರದೇಶದ ರೂಟಿಗೆ ಸಾರಿಗೆ ಇಲಾಖೆಯಿಂದ ವಿನಾಯಿತಿ ಪಡೆದು ಜಂಟಿಯಾಗಿ ನಡೆಸಬಹುದು. ಡೆಲ್ಟಾ, ಏರ್ ಫ್ರಾನ್ಸ್, ಕೆಎಲ್‌ಎಂ ಮಾಡುವುದು ಅದನ್ನೇ. ವರ್ಜಿನ್ ಅಮೆರಿಕಾ ಕೊಳ್ಳುವಾಗ ನ್ಯಾಯ ಇಲಾಖೆ ಒಪ್ಪಿಗೆ ಕೊಟ್ಟದ್ದು, ಅಲಾಸ್ಕಾ ಅಮೆರಿಕನ್ ಏರ್‌ಲೈನ್ಸ್ ಜೊತೆಗಿನ ಕೋಡ್‌ಶೇರ್ ಕಡಿಮೆ ಮಾಡಬೇಕು ಅನ್ನುವ ಷರತ್ತಿನ ಮೇಲೆ. ಪೂರ್ವ ಕರಾವಳಿಯಲ್ಲಿ ಅಮೆರಿಕನ್ ಮತ್ತು ಜೆಟ್‌ಬ್ಲೂ ಮಾಡಿಕೊಂಡ ಒಪ್ಪಂದವನ್ನು 2023ರಲ್ಲಿ ಕೋರ್ಟ್ ಮುರಿದೇ ಹಾಕಿತು. ಅಂದರೆ ತುಂಬಾ ಹತ್ತಿರ ಆದರೂ ಕಷ್ಟ.

ಪ್ರಶ್ನೆ: ಏನಮ್ಮ, ನಾನು ಹಾಸನದವನು, ಮಗನ ಮನೆಗೆ ಬಂದಿದ್ದೇನೆ, 71 ವರ್ಷ. ಸಿಯಾಟಲ್‌ನಿಂದ ಬೆಂಗಳೂರಿಗೆ ನೇರ ವಿಮಾನ ಬರುತ್ತದೆ ಅಂತ 2020ರಲ್ಲಿ ಪೇಪರಿನಲ್ಲಿ ಓದಿದ್ದೆ. ಅದು ಎಲ್ಲಿ ಹೋಯಿತು? ಮಂಡಿ ನೋವು ಇಟ್ಟುಕೊಂಡು ಮಧ್ಯೆ ಇಳಿದು ನಡೆಯೋದು ಆಗಲ್ಲಮ್ಮ.

ಉತ್ತರ: ಸರಿಯಾಗಿ ನೆನಪಿಟ್ಟಿದ್ದೀರಿ ಸರ್. ಅದೂ ಇದೇ ಜಗಳದ ಕೂಸು. ಡೆಲ್ಟಾ ದೂರವಾದ ಮೇಲೆ ಅಲಾಸ್ಕಾಗೆ ಸಮುದ್ರ ದಾಟಿಸುವ ಜೊತೆಗಾರ ಬೇಕಿತ್ತು. 2020ರ ಫೆಬ್ರವರಿಯಲ್ಲಿ ಅಮೆರಿಕನ್ ಏರ್‌ಲೈನ್ಸ್ ಜೊತೆ ಹೊಸ ಒಪ್ಪಂದ ಆಯಿತು. ಅಮೆರಿಕನ್ ಸಿಯಾಟಲ್‌ನಿಂದ ಬೆಂಗಳೂರಿಗೆ ನೇರ ವಿಮಾನ ಅಂತ ಹೇಳಿತು, ಆ ಅಕ್ಟೋಬರ್‌ನಿಂದಲೇ. ಫೀಡರ್ ಅಲಾಸ್ಕಾದ್ದು, ದೊಡ್ಡ ವಿಮಾನ ಅಮೆರಿಕನ್‌ದು. ಸಿಯಾಟಲ್‌ನಲ್ಲಿ ನಮ್ಮ ಜನ ಎಷ್ಟಿದ್ದಾರೆ ಅಂತ ಅವರಿಗೂ ಗೊತ್ತಿತ್ತು. ಮುಂದಿನ ತಿಂಗಳೇ ಕೋವಿಡ್ ಎಲ್ಲವನ್ನೂ ಮುಚ್ಚಿತು. ಮುಂದಕ್ಕೆ ಹಾಕಿದರು, ಮತ್ತೆ ಹಾಕಿದರು. 2022ರಲ್ಲಿ ರಷ್ಯಾದ ಆಕಾಶ ಅಮೆರಿಕದ ಕಂಪನಿಗಳಿಗೆ ಮುಚ್ಚಿತು. ಸುಮಾರು 13,000 ಕಿಲೋಮೀಟರಿನ ದಾರಿ, ಸುತ್ತಿಕೊಂಡು ಹೋದರೆ ಇನ್ನೂ ಉದ್ದ. ಒಂದು ಸಲವೂ ಹಾರದೆ ಕೈಬಿಟ್ಟರು.

ಮಂಡಿಗೆ ಒಂದು ಮಾತು ಸರ್. ಟಿಕೆಟ್ ಮಾಡಿಸುವಾಗಲೇ ವೀಲ್‌ಚೇರ್ ಕೇಳಿ, ಅದಕ್ಕೆ ದುಡ್ಡಿಲ್ಲ. ಸಂಕೋಚ ಬೇಡ.

ಪ್ರಶ್ನೆ: ಅಕ್ಕ, ಇದರ ಮುಂದುವರಿಕೆ. ಎಮಿರೇಟ್ಸ್‌ನಲ್ಲಿ ದುಬೈ ಮೇಲೆ ಬೆಂಗಳೂರಿಗೆ ಹೋದರೆ ಅಲಾಸ್ಕಾ ಮೈಲ್ಸ್ ಬರುತ್ತಿತ್ತು. ಅದು ಯಾಕೆ ನಿಂತಿತು? ನನ್ನ ಎರಡು ಟ್ರಿಪ್ಪಿನ ಮೈಲ್ಸ್ ಹೋಯಿತು ಅಂತ ಇವತ್ತಿಗೂ ಹೊಟ್ಟೆ ಉರಿ.

ಉತ್ತರ: 2021ರ ಮಾರ್ಚ್‌ನಲ್ಲಿ ಅಲಾಸ್ಕಾ ಒನ್‌ವರ್ಲ್ಡ್ ಅನ್ನುವ ವಿಮಾನ ಕಂಪನಿಗಳ ಕೂಟ ಸೇರಿತು. ಕತಾರ್ ಏರ್‌ವೇಸ್ ಅದೇ ಕೂಟದ್ದು, ಆ ಜನವರಿಯಲ್ಲೇ ದೋಹಾದಿಂದ ಸಿಯಾಟಲ್‌ಗೆ ಬಂದಿತ್ತು. ಕತಾರ್ ಮತ್ತು ಎಮಿರೇಟ್ಸ್ ಇಬ್ಬರೂ ಮಾರುವುದು ಒಂದೇ ಸರಕು: ಕೊಲ್ಲಿಯಲ್ಲಿ ಇಳಿಸಿ ಭಾರತಕ್ಕೆ ಹತ್ತಿಸುವುದು. ಅದೇ ವರ್ಷದ ಮಧ್ಯದಲ್ಲಿ ಎಮಿರೇಟ್ಸ್ ಪಾಲುದಾರಿಕೆ ಮುಗಿಯಿತು. ಕೂಟ ಸೇರಿದರೆ ಹೊಸ ನೆಂಟರು ಬರುತ್ತಾರೆ, ಹಳೇ ಗೆಳೆಯರು ಮುನಿಸಿಕೊಂಡು ಹೋಗುತ್ತಾರೆ. ಹೊಟ್ಟೆ ಉರಿಗೆ ನನ್ನ ಬಳಿ ಮದ್ದಿಲ್ಲ.

ಪ್ರಶ್ನೆ: ಮೇಡಂ, ಪ್ರಾಕ್ಟಿಕಲ್ ವಿಷಯ. ಹೋದ ಡಿಸೆಂಬರ್‌ನಲ್ಲಿ ಒಂದು ಕಂಪನಿಯ ಸೈಟಿನಲ್ಲಿ ಟಿಕೆಟ್ ತೆಗೆದುಕೊಂಡೆ, ಹತ್ತಿದ್ದು ಇನ್ನೊಂದರ ವಿಮಾನ. ಅದು ಕ್ಯಾನ್ಸಲ್ ಆಯಿತು. ಇವರನ್ನು ಕೇಳಿದರೆ ಅವರನ್ನು ಕೇಳಿ, ಅವರನ್ನು ಕೇಳಿದರೆ ಇವರನ್ನು ಕೇಳಿ. ಚೆಂಡಾಟ ಆಡಿದರು. ಕೊನೆಗೆ ಬ್ಯಾಗ್ ಬೇರೆ ಬರಲಿಲ್ಲ. ಯಾರನ್ನು ಹಿಡಿಯಬೇಕು?

ಉತ್ತರ: ಟಿಕೆಟ್ ನಂಬರ್ ನೋಡಿ. ಆರು ಅಕ್ಷರದ ಬುಕಿಂಗ್ ಕೋಡ್ ಅಲ್ಲ, 13 ಅಂಕಿಯ ನಂಬರ್. ಅದರ ಮೊದಲ ಮೂರು ಅಂಕಿ ಯಾರ ಟಿಕೆಟ್ ಅಂತ ಹೇಳುತ್ತದೆ. 027 ಅಲಾಸ್ಕಾ, 006 ಡೆಲ್ಟಾ, 001 ಅಮೆರಿಕನ್, 176 ಎಮಿರೇಟ್ಸ್, 157 ಕತಾರ್, 125 ಬ್ರಿಟಿಷ್ ಏರ್‌ವೇಸ್, 098 ಏರ್ ಇಂಡಿಯಾ. ಹೊರಡುವ ದಿನಕ್ಕೆ ಮುಂಚೆ ಏನೇ ಬದಲಾವಣೆ ಇದ್ದರೂ ಆ ಕಂಪನಿ. ಏರ್‌ಪೋರ್ಟಿನಲ್ಲಿ ನಿಂತಿರುವಾಗ ಕ್ಯಾನ್ಸಲ್ ಆದರೆ, ಆ ವಿಮಾನ ಯಾರದೋ ಅವರ ಕೌಂಟರ್. ಬ್ಯಾಗ್ ಬರಲಿಲ್ಲ ಅಂದರೆ ಕೊನೆಗೆ ನಿಮ್ಮನ್ನು ಇಳಿಸಿದ ಕಂಪನಿಯಲ್ಲಿ ದೂರು ಬರೆಸಿ, ಏರ್‌ಪೋರ್ಟ್ ಬಿಡುವ ಮುಂಚೆ.

ಇನ್ನೊಂದು ವಿಷಯ. ಕೋಡ್‌ಶೇರ್ ನಿಂತರೆ ಎಲ್ಲಾ ಸಂಬಂಧ ಕಡಿಯಿತು ಅಂತಲ್ಲ. ಇಂಟರ್‌ಲೈನ್ ಅಂತ ಕೆಳಗಿನ ಮೆಟ್ಟಿಲು ಒಂದಿದೆ. ಒಂದೇ ಟಿಕೆಟ್‌ನಲ್ಲಿ ಇಬ್ಬರ ವಿಮಾನ ಬರಬಹುದು, ಬ್ಯಾಗ್ ದಾಟಿಸುತ್ತಾರೆ, ಆದರೆ ಮೈಲ್ಸ್ ಇಲ್ಲ, ಮರ್ಯಾದೆ ಇಲ್ಲ. 2017ರಲ್ಲಿ ಡೆಲ್ಟಾ–ಅಲಾಸ್ಕಾ ಉಳಿಸಿಕೊಂಡದ್ದು ಇಷ್ಟನ್ನೇ. ಬೇರೆ ಬೇರೆ ಟಿಕೆಟ್ ತೆಗೆದುಕೊಂಡು ನೀವೇ ಜೋಡಿಸಿಕೊಂಡಿದ್ದರೆ ಮಾತ್ರ ಯಾರೂ ಹೊಣೆಯಲ್ಲ. ಐವತ್ತು ಡಾಲರ್ ಉಳಿಸೋಕೆ ಆ ಸಾಹಸ ಬೇಡ, ಅದರಲ್ಲೂ ಅಪ್ಪ ಅಮ್ಮನಿಗೆ ಬುಕ್ ಮಾಡುವಾಗ.

ಪ್ರಶ್ನೆ: ಕೊನೇ ಪ್ರಶ್ನೆ ಅಕ್ಕ. ಈಗ ಅಲಾಸ್ಕಾ ತಾನೇ ಟೋಕಿಯೋಗೆ ಹೋಗುತ್ತಿದೆ. ಅಲ್ಲಿಗೆ ಅವರದೇ ಪಾರ್ಟ್‌ನರ್ ಜಪಾನ್ ಏರ್‌ಲೈನ್ಸ್ ಕೂಡ ಸಿಯಾಟಲ್‌ನಿಂದ ಹಾರುತ್ತದೆ. ಇದು ಡೆಲ್ಟಾ ಕಥೆಯ ರಿಪೀಟ್ ಅಲ್ವಾ?

ಉತ್ತರ: ಇದನ್ನು ಯಾರಾದರೂ ಕೇಳಲಿ ಅಂತಲೇ ಕಾಯುತ್ತಿದ್ದೆ. 2024ರ ಸೆಪ್ಟೆಂಬರ್‌ನಲ್ಲಿ ಅಲಾಸ್ಕಾ ಹವಾಯಿಯನ್ ಕಂಪನಿಯನ್ನು ಕೊಂಡು ಮುಗಿಸಿತು, 190 ಕೋಟಿ ಡಾಲರ್. ಅದರ ಜೊತೆ ದೊಡ್ಡ ವಿಮಾನಗಳು ಬಂದವು. 2025ರ ಮೇನಲ್ಲಿ ನರಿಟಾಗೆ ಹೊರಟಿತು, ಸೆಪ್ಟೆಂಬರ್‌ನಲ್ಲಿ ಸೋಲ್‌ಗೆ. 2026ಕ್ಕೆ ರೋಮ್, ಲಂಡನ್, ರೆಕ್ಯಾವಿಕ್ ಅಂತ ಘೋಷಣೆ. 2030ರ ಹೊತ್ತಿಗೆ ಸಿಯಾಟಲ್‌ನಿಂದ ಹನ್ನೆರಡು ದೂರದ ಊರು ಅನ್ನುವುದು ಗುರಿ. ಲಂಡನ್‌ಗೆ ಬ್ರಿಟಿಷ್ ಏರ್‌ವೇಸ್ ಹಾರುತ್ತದೆ, ರೆಕ್ಯಾವಿಕ್‌ಗೆ ಐಸ್‌ಲ್ಯಾಂಡ್‌ಏರ್. ಇಬ್ಬರೂ ಅಲಾಸ್ಕಾದ ಪಾರ್ಟ್‌ನರ್‌ಗಳೇ. ಅಂದು ಡೆಲ್ಟಾ ಸ್ವಂತ ಫೀಡರ್ ಶುರುಮಾಡಿ ಅಲಾಸ್ಕಾದ ರೂಟಿಗೆ ಬಂತು. ಇಂದು ಫೀಡರ್ ನಡೆಸುತ್ತಿದ್ದವನೇ ಮೆಟ್ರೋ ಓಡಿಸುತ್ತೇನೆ ಅನ್ನುತ್ತಿದ್ದಾನೆ.

ಆದರೆ ಪೂರ್ತಿ ರಿಪೀಟ್ ಅಲ್ಲ. ಜಪಾನ್ ಏರ್‌ಲೈನ್ಸ್ ಬಂದು ಸ್ಪೋಕೇನ್‌ಗೋ ಪೋರ್ಟ್‌ಲ್ಯಾಂಡ್‌ಗೋ ಸ್ವಂತ ಫೀಡರ್ ಬಿಡುವಂತಿಲ್ಲ, ಅಮೆರಿಕದೊಳಗೆ ಹೊರದೇಶದ ಕಂಪನಿ ಹಾಗೆ ಹಾರಿಸಲು ಕಾನೂನು ಬಿಡುವುದಿಲ್ಲ. ಅದಕ್ಕೆ ಅಲಾಸ್ಕಾ ಬೇಕೇ ಬೇಕು. ಟೋಕಿಯೋದಿಂದ ಮುಂದೆ ಜಪಾನಿನೊಳಗೆ ಹಂಚಲು ಅಲಾಸ್ಕಾಗೂ ಅವರು ಬೇಕು. ಇಬ್ಬರ ಜುಟ್ಟೂ ಇಬ್ಬರ ಕೈಯಲ್ಲಿ. ಹಾಗಾಗಿ ಮುರಿಯುವುದಿಲ್ಲ, ಆದರೆ ಪಾಲಿನ ಚೌಕಾಸಿ ಬಿಗಿಯಾಗುತ್ತದೆ ಅಂತ ನನ್ನ ಅಂದಾಜು. ಡೆಲ್ಟಾ ಮಾತ್ರ ಸಿಯಾಟಲ್ ಬಿಟ್ಟು ಹೋಗುವ ಲಕ್ಷಣ ಇಲ್ಲ. ಸಿಯಾಟಲ್‌ನ ಏರ್‌ಪೋರ್ಟ್ ಸೀ-ಟ್ಯಾಕ್‌ನಲ್ಲಿ ಅರ್ಧದಷ್ಟು ಪ್ರಯಾಣಿಕರು ಅಲಾಸ್ಕಾದವರು, ಕಾಲು ಭಾಗದ ಆಸುಪಾಸು ಡೆಲ್ಟಾದವರು. ಇರುವುದು ಮೂರೇ ರನ್‌ವೇ, ಬೆಳೆಯಲು ಜಾಗ ಇಲ್ಲ. ಒಂದೇ ಬಚ್ಚಲಿನ ಬಾಡಿಗೆ ಮನೆಯಲ್ಲಿ ಎರಡು ಸಂಸಾರ.

ಪ್ರಶ್ನೆ: ಅಕ್ಕ, ಈಗಷ್ಟೇ ಅತ್ತೆಯ ಟಿಕೆಟ್ ತೆಗೆದು ನೋಡಿದೆ. ನಾನು ಇಷ್ಟು ದಿನ ಏರ್ ಫ್ರಾನ್ಸ್ ಟಿಕೆಟ್ ಅಂದುಕೊಂಡಿದ್ದೆ, ನಂಬರ್ 006ರಿಂದ ಶುರುವಾಗುತ್ತಿದೆ!

ಉತ್ತರ: ಹಾಗಾದರೆ ಡೆಲ್ಟಾಗೆ ಫೋನ್ ಮಾಡಿ. ಅತ್ತೆಗೆ ವೀಲ್‌ಚೇರ್ ಮತ್ತು ವೆಜ್ ಊಟ ಎರಡನ್ನೂ ಇವತ್ತೇ ಹೇಳಿಬಿಡಿ, ಪ್ಯಾರಿಸ್‌ನಿಂದ ಮುಂದಿನ ವಿಮಾನಕ್ಕೂ ಸೇರಿದೆಯಾ ಅಂತ ಬಾಯಿಬಿಟ್ಟು ಕೇಳಿ.